ಜಗಲಿಗೆ ಬಿಟ್ಟ ಮಾರ್ಜಿನ್

ಒಂದು ಜಗಲಿಯ ಖರ್ಚಿನ ಬಗ್ಗೆ ಕಥೆ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದರಲ್ಲಿ ಯಾರೂ ಮನೆ ಬಿಟ್ಟು ಓಡಿಹೋಗುವುದಿಲ್ಲ, ಯಾರಿಗೂ ನಿಧಿ ಸಿಗುವುದಿಲ್ಲ. ಅಂಥ ಕಥೆಗಳನ್ನು ಚೆನ್ನಾಗಿ ಹೇಳುವವರು ಬೇರೆ ಇದ್ದಾರೆ. ಇದು ಹತ್ತು ಅಡಿ ಉದ್ದ, ಆರು ಅಡಿ ಅಗಲದ ಒಂದು ಜಾಗದ ವಿಷಯ. ಕೇಳಿದವರಿಗೆ ಬೇಸರವಾದರೆ ತಪ್ಪು ಹೇಳಿದವರದೇ, ಜಗಲಿಯದಲ್ಲ.

ಆ ಮನೆಯ ಯಜಮಾನ ಆಸ್ಪತ್ರೆಯ ಸ್ಟೋರ್ ನೋಡಿಕೊಳ್ಳುವವನು. ಹತ್ತಿ, ಸೋಪು, ಬಲ್ಬು, ಬೆಡ್‌ಶೀಟು, ಪೊರಕೆ ಎಲ್ಲವೂ ಅವನ ಕೈಯಿಂದಲೇ ವಾರ್ಡುಗಳಿಗೆ ಹೋಗಬೇಕು. ಹಾಗಾಗಿ ಬೀದಿಯವರಿಗೆಲ್ಲ ಅವನು ಸ್ಟೋರಣ್ಣ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಲೆಕ್ಕಕ್ಕೆ ಸರಿಯಾಗಿ ಹತ್ತು ಬಲ್ಬು ತರಿಸಿದ್ದ. ಒಂದು ಒಡೆಯಿತು. ಅವತ್ತು ಹೆರಿಗೆ ವಾರ್ಡಿನ ಹಿರಿಯ ನರ್ಸಮ್ಮ ನಾಲ್ಕು ಜನರ ಎದುರು ಅವನ ನೀರಿಳಿಸಿದ್ದರು. ಆಮೇಲಿನ ಇಪ್ಪತ್ತೆರಡು ವರ್ಷಗಳಲ್ಲಿ ಅವನು ಹತ್ತು ಬೇಕಾದಲ್ಲಿ ಹನ್ನೊಂದು ಬರೆಯದೆ ಇದ್ದದ್ದೇ ಇಲ್ಲ. ಮನೆಗೆ ಹತ್ತು ಬಾಳೆಹಣ್ಣು ತಾ ಎಂದರೂ ಹನ್ನೊಂದೇ ಬರುತ್ತಿತ್ತು. ಮನೆಯವರು ಅದನ್ನು ಗಮನಿಸುವುದನ್ನೂ ಬಿಟ್ಟಿದ್ದರು.

ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಹೊಲಿಗೆ ಮಿಷನ್ನು ಮುಂದಿನ ಕೋಣೆಯಲ್ಲಿತ್ತು. ಆ ಕೋಣೆಗೆ ಇದ್ದ ಒಂದೇ ಕಿಟಕಿಯ ಎದುರಿಗೆ ಪಕ್ಕದ ಮನೆಯವರು ಎರಡು ವರ್ಷದ ಹಿಂದೆ ಗೋಡೆ ಎಬ್ಬಿಸಿದ ಮೇಲೆ, ಬೆಳಕು ಬರುವುದು ಬಾಗಿಲಿನಿಂದ ಮಾತ್ರ. ಅಳತೆ ಕೊಡಲು ಬಂದವರು ಬಾಗಿಲಲ್ಲಿ ನಿಂತರೆ ಅಳತೆ ಬರೆದುಕೊಳ್ಳಲು ಬೆಳಕಿರುತ್ತಿರಲಿಲ್ಲ. ಟ್ಯೂಬ್‌ಲೈಟು ಹಾಕಿದರೆ ಕಪ್ಪು, ಕಡುನೀಲಿ ಎರಡೂ ಒಂದೇ ಥರ ಕಾಣುತ್ತಿದ್ದವು.

ಅದು ಹಾಗೆ ಕಾಣುತ್ತದೆ ಎಂದು ಗೊತ್ತಾದದ್ದೂ ಒಂದು ಕೋಟಿನಿಂದ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರ ಕಡುನೀಲಿ ಕೋಟನ್ನು ಅವಳು ಕಪ್ಪು ದಾರದಲ್ಲಿ ಹೊಲಿದುಬಿಟ್ಟಿದ್ದಳು. ಅವರೇನೂ ಜಗಳ ಆಡಲಿಲ್ಲ. ಬಾಗಿಲ ಹೊರಗೆ ಬಿಸಿಲಲ್ಲಿ ಕೋಟನ್ನು ಎತ್ತಿ ಹಿಡಿದು ತೋರಿಸಿದರು, ಅಷ್ಟೆ. ಅವಳು ಎರಡು ದಿನ ಕೂತು ಅಷ್ಟನ್ನೂ ಬಿಚ್ಚಿ ಮತ್ತೆ ಹೊಲಿದಳು. ಕೊಟ್ಟು ಬಂದ ಮೇಲೆ ಗಂಡನಿಗೆ ಹೇಳಿದಳು, "ಇನ್ಮೇಲೆ ಕಪ್ಪು, ನೀಲಿ ಬಟ್ಟೆ ತಗೊಳ್ಳಲ್ಲ ಕಣ್ರೀ. ಯಾಕೆ ಬೇಕು ಮರ್ಯಾದೆ ಕಳ್ಕೊಳ್ಳೋದು."

ನಗುತ್ತಲೇ ಹೇಳಿದ್ದಳು. ಸ್ಟೋರಣ್ಣನಿಗೆ ಮಾತ್ರ ನಗು ಬರಲಿಲ್ಲ. ಈಗ ಕಪ್ಪು, ನೀಲಿ. ಮುಂದಿನ ವರ್ಷ ಕಂದು, ಹಸಿರು. ಆಮೇಲೆ ಮಿಷನ್ನಿಗೇ ಹೊದಿಕೆ ಹಾಕಿ ಅದರ ಮೇಲೊಂದು ಹೂದಾನಿ ಇಡುತ್ತಾಳೆ. ಆಸ್ಪತ್ರೆಯ ಕಣ್ಣಿನ ಡಾಕ್ಟರಿಗೆ ತೋರಿಸಿದ. "ಕಣ್ಣಿಗೇನೂ ಆಗಿಲ್ಲ, ವಯಸ್ಸಿಗೆ ತಕ್ಕ ಹಾಗಿದೆ. ಹಗಲು ಬೆಳಕಲ್ಲಿ ಕೂತು ಹೊಲೀಲಿ" ಎಂದರು ಅವರು. ಅಂದರೆ ಜಗಲಿ. ಮನೆಯ ಮುಂದೆ, ಮೇಲೊಂದು ಶೀಟು, ಕೆಳಗೊಂದು ನೆಲ, ಎರಡು ಕಂಬ, ನಡುವೆ ಮಿಷನ್ನು.

ಕೂಡಿಟ್ಟದ್ದು ಎಂಬತ್ತು ಸಾವಿರವಿತ್ತು. ಸಾಲ ಮಾಡುವುದು ಬೇಡ ಎಂದು ಮದುವೆಯಾದ ವರ್ಷವೇ ಇಬ್ಬರೂ ಮಾತಾಡಿಕೊಂಡಿದ್ದರು. ಆ ಮಾತನ್ನು ಈವರೆಗೆ ಮುರಿದಿರಲಿಲ್ಲ.

ಮೇಸ್ತ್ರಿಯನ್ನು ದಾರಿಯಲ್ಲೇ ಹಿಡಿದು ಕೇಳಿದ. ಮೇಸ್ತ್ರಿ ದಪ್ಪ ಮನುಷ್ಯ, ಸೈಕಲ್ಲಿನಿಂದ ಇಳಿಯಲು ಸ್ವಲ್ಪ ಹೊತ್ತು ಬೇಕು. "ಚದರಡಿಗೆ ಸಾವಿರದ ಮುನ್ನೂರು ಆಗುತ್ತೆ ಸ್ಟೋರಣ್ಣ. ಸಾಮಾನು, ಕೂಲಿ ಎಲ್ಲಾ ಸೇರಿ" ಎಂದು ಹೇಳಿ, ಮುಖ ನೋಡುತ್ತ ನಿಂತ. ಏನಕ್ಕೋ ಕಾಯುತ್ತಿರುವ ಹಾಗಿತ್ತು. ಸ್ಟೋರಣ್ಣ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡು, "ಆಗಲಿ" ಎಂದ. ಮೇಸ್ತ್ರಿ ಒಂದು ಸಲ ಕೆಮ್ಮಿದ.

"ಅಳತೆಗೆ ಬರ್ತೀಯಾ?"

"ಟೈಲರಕ್ಕ ಇರುವಾಗ ನಾನ್ಯಾಕೆ? ಅವರ ಅಳತೆ ಅಂದ್ರೆ ಅಳತೆ. ನನ್ನ ಈ ಹೊಟ್ಟೆಗೇ ಅವರ ಟೇಪು ಯಾವತ್ತೂ ಸುಳ್ಳು ಹೇಳಿಲ್ಲ. ಬರೆದು ಇಟ್ಟಿರಿ ಸಾಕು."

ಅವಳು ಕೊರಳಲ್ಲಿ ಸದಾ ನೇತಾಡುವ ಟೇಪಿನಲ್ಲೇ ಅಂಗಳ ಅಳೆದಳು. ಅವಳ ತಾಯಿ, ಅಂದರೆ ಸ್ಟೋರಣ್ಣನ ಅತ್ತೆ, ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದರು. ಅತ್ತೆ ಮಗಳ ಮನೆಯಲ್ಲೇ ಇದ್ದವರು. ಅಂಗಳದ ಆಗುಹೋಗು ಅವರ ಕಣ್ಣು ತಪ್ಪಿಸಿ ಆಗುತ್ತಿರಲಿಲ್ಲ.

"ನನಗೆ ಎರಡು ಕುರ್ಚಿಗೆ ಜಾಗ ಬಿಡೇ."

"ಕೂರೋಳು ನೀನೊಬ್ಬಳು, ಎರಡು ಯಾಕಮ್ಮಾ?"

"ಯಾರಾದರೂ ಬರ್ತಾರೆ."

"ಯಾರು?"

"ಬಂದಾಗ ಗೊತ್ತಾಗುತ್ತೆ, ಬರ್ಕೋ."

ಉದ್ದ ಹನ್ನೊಂದು, ಅಗಲ ಏಳು ಎಂದು ಅವಳು ಚೀಟಿಯಲ್ಲಿ ಬರೆದು ಗಂಡನಿಗೆ ಕೊಟ್ಟಳು. ಸಂಜೆ ಆ ಚೀಟಿಯನ್ನು ಮುಂದಿಟ್ಟುಕೊಂಡು ಸ್ಟೋರಣ್ಣ ಲೆಕ್ಕಕ್ಕೆ ಕೂತ. ಹನ್ನೊಂದೇಳಲೆ ಎಪ್ಪತ್ತೇಳು. ಚದರಡಿಯ ದರ ಬರೆಯುವ ಸಾಲಿಗೆ ಬಂದಾಗ ಪೆನ್ನು ಒಂದು ಕ್ಷಣ ನಿಂತು, ತಾನಾಗಿ ಸಾವಿರದ ನಾನೂರ ಮೂವತ್ತು ಎಂದು ಬರೆಯಿತು. ಗುಣಿಸಿದ. ಒಂದು ಲಕ್ಷದ ಹತ್ತು ಸಾವಿರದ ನೂರ ಹತ್ತು. ಇನ್ನೆರಡು ಸಲ ಗುಣಿಸಿದ. ಸಂಖ್ಯೆ ಕದಲಲಿಲ್ಲ.

ಹೆಂಡತಿ ಬಂದು ಭುಜದ ಮೇಲಿಂದ ಇಣುಕಿದಳು. ಕೊನೆಯ ಸಾಲನ್ನಷ್ಟೇ ನೋಡಿದಳು.

"ಹೋಗ್ಲಿ ಬಿಡ್ರೀ."

"ನೆಲಕ್ಕೆ ಟೈಲ್ಸ್ ಬೇಡ ಅಂದ್ರೆ ಸ್ವಲ್ಪ ಇಳಿಯುತ್ತೆ."

"ಎಷ್ಟು ಇಳಿಯುತ್ತೆ?"

"ಆರೇಳು ಸಾವಿರ."

"ಕಂಬನೂ ಬೇಡ ಅನ್ನಿ. ಶೀಟನ್ನ ನಾನೂ ಅಮ್ಮನೂ ಒಂದೊಂದು ಕಡೆ ಹಿಡ್ಕೊಂಡು ನಿಲ್ತೀವಿ."

ಅವನಿಗೆ ನಗು ಬಂತು, ಅದರ ಬೆನ್ನಿಗೇ ಸಂಕಟವೂ ಬಂತು. ಅವಳು ಮಿಷನ್ನಿನ ಮುಂದೆ ಕೂತು ಸೂಜಿ ಹಿಡಿದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಎರಡು ಸಲ ತೂರಿಸಲು ನೋಡಿ, ಮೂರನೇ ಸಲಕ್ಕೆ ಸೂಜಿ ದಾರ ಎರಡನ್ನೂ ಅವನ ಕಡೆ ಚಾಚಿದಳು. ಅವನು ಪೋಣಿಸಿಕೊಟ್ಟ. ಇದು ಈಗೀಗ ಇಬ್ಬರಿಗೂ ಅಭ್ಯಾಸವಾಗಿತ್ತು. ಅದೇ ಅವನಿಗೆ ಸರಿಬರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಬಂದ. ಕೆಲಸ ಸದ್ಯಕ್ಕೆ ಬೇಡ ಎಂದು ಹೇಳಬೇಕೆಂದು ಸ್ಟೋರಣ್ಣ ಎದ್ದಾಗಿನಿಂದ ಮಾತು ಜೋಡಿಸಿಕೊಳ್ಳುತ್ತಿದ್ದ. ಆದರೆ ಮೇಸ್ತ್ರಿ ಸೈಕಲ್ಲಿನ ಹಿಂದಿನಿಂದ ಗೂಟ, ದಾರ, ಸುಣ್ಣದ ಡಬ್ಬಿ ಇಳಿಸಿ ಆಗಿತ್ತು. ಅಷ್ಟು ಕಷ್ಟಪಟ್ಟು ಇಳಿದವನಿಗೆ ಮತ್ತೆ ಸೈಕಲ್ ಹತ್ತು ಎಂದು ಹೇಳುವುದು ಹೇಗೆ? ಸ್ಟೋರಣ್ಣ ಚೀಟಿಯನ್ನೂ ಲೆಕ್ಕದ ಹಾಳೆಯನ್ನೂ ಒಟ್ಟಿಗೇ ಅವನ ಕೈಗೆ ಕೊಟ್ಟ. "ಸ್ವಲ್ಪ ಹೆಚ್ಚಾಗ್ತಾ ಇದೆ. ಎಲ್ಲಿ ಕಡಿಮೆ ಮಾಡಬಹುದು ನೋಡು" ಎಂದಷ್ಟೇ ಹೇಳಿದ.

"ಮೊದಲು ಗುರುತು ಹಾಕೋಣ. ಕಣ್ಣಿಗೆ ಕಂಡ್ರೆ ಕಡಿಮೆ ಮಾಡೋದು ಸುಲಭ."

ಗೋಡೆಯಿಂದ ಏಳು ಅಡಿ ಅಳೆದು ಗೂಟ ಹೊಡೆದ. ಆ ತುದಿಗೆ ಇನ್ನೊಂದು. ನಡುವೆ ದಾರ ಎಳೆದು ಬಿಗಿದ. ಅಷ್ಟರಲ್ಲಿ ಅತ್ತೆ ಹಾಲಿನ ಚೀಲ ಹಿಡಿದು ಹೊರಗಿನಿಂದ ಬಂದು ಗೇಟು ತಳ್ಳಿದರು. ಒಳಗೆ ತೆರೆಯುವ ಗೇಟು. ಮುಕ್ಕಾಲು ಭಾಗ ತೆರೆದು ಗೂಟಕ್ಕೆ ಟಕ್ ಎಂದು ಬಡಿದು ನಿಂತಿತು.

"ನನ್ನನ್ನ ಒಳಗೆ ಬಿಡಬಾರದು ಅಂತ ಯಾರ ಪ್ಲಾನು ಇದು?" ಎಂದರು ಅತ್ತೆ, ಸಂದಿಯಲ್ಲಿ ಒಂದು ಭುಜ ಮಾತ್ರ ತೂರಿಸಿ.

ಮೇಸ್ತ್ರಿ ಗೇಟು ನೋಡಿದ, ಗೂಟ ನೋಡಿದ, ಚೀಟಿ ನೋಡಿದ. "ಟೈಲರಕ್ಕ, ಅಗಲ ಏಳೇ ಅಲ್ವಾ?"

"ಏಳೇ."

"ಇಲ್ಲಿ ಏಳು ಹಿಡಿಸಲ್ಲವಲ್ಲ. ಆರೇ ಹಿಡಿಸೋದು."

"ಹೌದು, ಜಾಗ ಆರೇ" ಎಂದಳು ಅವಳು, ಇದರಲ್ಲಿ ಕೇಳುವುದೇನಿದೆ ಎನ್ನುವಂತೆ. "ಈ ಕಡೆ ಅರ್ಧ, ಆ ಕಡೆ ಅರ್ಧ ಮಾರ್ಜಿನ್ ಬಿಟ್ಟಿದ್ದೀನಿ."

"ಮಾರ್ಜಿನ್ನಾ?"

"ಮತ್ತೆ? ಒಳಗಡೆ ಮಡಚಿ ಹೊಲಿ..." ಎಂದವಳು ಅಲ್ಲಿಗೇ ನಿಲ್ಲಿಸಿ ನಾಲಿಗೆ ಕಚ್ಚಿಕೊಂಡಳು.

ಮೇಸ್ತ್ರಿಯ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಹೊರಬಂತು. "ಅಕ್ಕಾ, ಸಿಮೆಂಟನ್ನ ಹೇಗೆ ಮಡಚೋದು ಅಂತ ನನಗೆ ಯಾರೂ ಕಲಿಸಿಲ್ಲ."

"ನಗು, ನಗು. ಇದೇ ಪ್ಯಾಂಟನ್ನ ಎರಡು ಸಲ ಬಿಚ್ಚಿ ಅಗಲ ಮಾಡಿಕೊಟ್ಟಿದ್ದೀನಲ್ಲ, ಯಾವುದರಿಂದ ಮಾಡಿದ್ದು? ನಾನು ಬಿಟ್ಟ ಮಾರ್ಜಿನ್‌ನಿಂದಲೇ. ಇಲ್ಲದಿದ್ರೆ ಇವತ್ತು ನೀನು ಪಂಚೆ ಉಟ್ಕೊಂಡು ಬರಬೇಕಾಗಿತ್ತು."

ಮೇಸ್ತ್ರಿ ತಣ್ಣಗಾಗಿ, ನಗು ಒರೆಸಿಕೊಳ್ಳುವವನಂತೆ ಮುಖ ಒರೆಸಿಕೊಂಡು, ಲೆಕ್ಕದ ಹಾಳೆಯತ್ತ ತಿರುಗಿದ. ಓದುತ್ತ ಓದುತ್ತ ಹುಬ್ಬು ಮೇಲೇರಿತು. "ಸ್ಟೋರಣ್ಣ, ನಾನು ಸಾವಿರದ ಮುನ್ನೂರು ಅಂದಿದ್ದೆ. ಇಲ್ಲಿ ಸಾವಿರದ ನಾನೂರ ಮೂವತ್ತು ಅಂತಿದೆ."

ಸ್ಟೋರಣ್ಣನ ಮುಖ ಹುಳ್ಳಗಾಯಿತು. ಹೆಂಡತಿಯ ಕಣ್ಣು, ಅತ್ತೆಯ ಕಣ್ಣು ಎರಡೂ ಅವನ ಮೇಲೆ ಬಿದ್ದವು.

"ಅದು... ಹತ್ತಕ್ಕೆ ಹನ್ನೊಂದು."

"ಇಟ್ಟಿಗೆ ಒಡೆಯುತ್ತೆ ಅಂತಲೇನ್ರೀ?" ಎಂದಳು ಹೆಂಡತಿ.

"ಏನಾದ್ರೂ ಒಡೆಯುತ್ತಲ್ಲ."

"ಅಳಿಯಂದಿರೇ," ಎಂದರು ಅತ್ತೆ, ಇನ್ನೂ ಗೇಟಿನ ಸಂದಿಯಿಂದಲೇ, "ನಿಮ್ಮ ಹನ್ನೊಂದನೇ ಬಾಳೆಹಣ್ಣು ನಾನು ತಿಂದು ಮುಗಿಸ್ತಾ ಇದ್ದೆ. ಜಗಲೀನ ಯಾರು ತಿನ್ನೋದು? ಮೊದಲು ಆ ಗೂಟ ಕೀಳಿ."

ಗೂಟ ಕಿತ್ತರು. ಅತ್ತೆ ಒಳಗೆ ಬಂದು, ಹಾಲಿನ ಚೀಲವನ್ನು ಮಗಳ ಕೈಗೆ ಕೊಟ್ಟು, ಸೀದಾ ಮೇಸ್ತ್ರಿಯ ಎದುರು ನಿಂತರು. "ಇವಳು ಸೇರಿಸಿದ್ದು ಗೊತ್ತಾಯ್ತು. ಇವರು ಸೇರಿಸಿದ್ದೂ ಗೊತ್ತಾಯ್ತು. ನೀನೆಷ್ಟು ಸೇರಿಸಿದ್ದೆ ಮಗನೇ?"

ಮೇಸ್ತ್ರಿ ಸುಣ್ಣದ ಡಬ್ಬಿಯ ಮುಚ್ಚಳವನ್ನು ತೆಗೆದ, ಹಾಕಿದ. ಕೊನೆಗೆ ತಲೆ ಕೆರೆದುಕೊಂಡು ಹೇಳಿದ, "ಅಜ್ಜೀ, ನಾನು ಯಾವಾಗಲೂ ಅಡಿಗೆ ನೂರು ಜಾಸ್ತಿನೇ ಹೇಳೋದು. ಜನ ಚೌಕಾಸಿ ಮಾಡ್ತಾರಲ್ಲ, ಅದಕ್ಕೆ. ಇವರು ಮಾಡಲೇ ಇಲ್ಲ. ದಾರೀಲಿ ನಿಂತು ಕಾದೆ, ಕೆಮ್ಮಿದೆ. ಆಗಲಿ ಅಂದುಬಿಟ್ರು. ಹತ್ತು ದಿನದಿಂದ ನನಗೂ ಒಂಥರಾ ಕಸಿವಿಸಿ."

"ಚೌಕಾಸಿ ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ" ಎಂದ ಸ್ಟೋರಣ್ಣ. ಅದು ನಿಜವಾಗಿತ್ತು.

"ಈಗ ಮಾಡಿ."

"ಈಗಲಾ?"

"ಕಡಿಮೆ ಮಾಡು ಅಂತ ಒಂದು ಮಾತು ಕೇಳಿ ಸ್ಟೋರಣ್ಣ. ನನ್ನ ಸಮಾಧಾನಕ್ಕೆ."

ಸ್ಟೋರಣ್ಣ ಹೆಂಡತಿಯ ಮುಖ ನೋಡಿ, ಗಂಟಲು ಸರಿಮಾಡಿಕೊಂಡು, "ಸಾವಿರದ ಇನ್ನೂರಕ್ಕೆ ಆಗುತ್ತಾ?" ಎಂದು ಕೇಳಿದ. "ಆಗುತ್ತೆ" ಎಂದ ಮೇಸ್ತ್ರಿ, ಹೊರೆ ಇಳಿಸಿದವನ ಹಾಗೆ.

ಹಾಳೆಯ ಹಿಂಬದಿಯಲ್ಲಿ ಹೊಸ ಲೆಕ್ಕ ಬಿತ್ತು. ಹತ್ತಾರಲೆ ಅರವತ್ತು. ಸಾವಿರದ ಇನ್ನೂರರಂತೆ ಎಪ್ಪತ್ತೆರಡು ಸಾವಿರ. ಅಂಗಳಕ್ಕೆ ಇಳಿಯಲು ಎರಡು ಮೆಟ್ಟಿಲಿಗೆ ಬೇರೆ ಮೂರು ಸಾವಿರ. ಒಟ್ಟು ಎಪ್ಪತ್ತೈದು. ಸ್ಟೋರಣ್ಣ ಪೆನ್ನು ಹಿಡಿದೇ ಇದ್ದ. ಹತ್ತರಲ್ಲಿ ಒಂದು ಪಾಲು ಸೇರಿಸಲು ಕೈ ತವಕಿಸುತ್ತಿತ್ತು. ಹೆಂಡತಿ ಮೆಲ್ಲಗೆ ಪೆನ್ನು ಕಿತ್ತುಕೊಂಡಳು.

"ಎರಡನೇ ಕುರ್ಚಿ ಬೇಡ ಬಿಡು," ಎಂದರು ಅತ್ತೆ ಯಾರೂ ಕೇಳದೆಯೇ, "ಅದನ್ನ ನಾನೂ ಸುಮ್ಮನೆ ಸೇರಿಸಿದ್ದು."

ಕೆಲಸ ಮೂರು ವಾರ ನಡೆಯಿತು. ಸ್ಟೋರಣ್ಣ ಪ್ರತಿದಿನ ಆಸ್ಪತ್ರೆಯಿಂದ ಬಂದವನೇ ಕೈಕಾಲು ತೊಳೆಯುವ ಮುಂಚೆ ಇಟ್ಟಿಗೆ ಎಣಿಸುತ್ತಿದ್ದ. ಒಡೆದದ್ದು ಒಟ್ಟು ಒಂಬತ್ತು. ಮೇಸ್ತ್ರಿ ಆ ಚೂರುಗಳನ್ನೇ ಮೆಟ್ಟಿಲ ಕೆಳಗೆ ತುಂಬಿದ. ನೆಲ ಒಣಗಿದ ಮೇಲೆ ಮಿಷನ್ನನ್ನು ನಾಲ್ಕು ಕೈ ಸೇರಿ ಎತ್ತಿ ಹೊರಗಿಟ್ಟರು. ಮೊದಲ ದಿನ ಅವಳು ಪೆಟ್ಟಿಗೆಯಲ್ಲಿದ್ದ ದಾರದ ಉಂಡೆಗಳನ್ನೆಲ್ಲ ಜಗಲಿಯ ಮೇಲೆ ಸುರಿದು, ಕಪ್ಪು ಒಂದು ಕಡೆ, ಕಡುನೀಲಿ ಒಂದು ಕಡೆ ಎಂದು ಬೇರೆ ಮಾಡುತ್ತ ಕೂತಳು. ಕಪ್ಪಿನ ರಾಶಿಯಲ್ಲಿ ನಾಲ್ಕು ನೀಲಿ ಸಿಕ್ಕವು. ಆಮೇಲೆ ಸೂಜಿ ಎತ್ತಿಕೊಂಡಳು. ಸ್ಟೋರಣ್ಣ ಅಭ್ಯಾಸದಂತೆ ಕೈ ಚಾಚಿದ. ಅವಳು ಅವನ ಕಡೆ ನೋಡಲೇ ಇಲ್ಲ. ದಾರ ಎರಡನೇ ಸಲಕ್ಕೆ ತೂರಿತು.

"ಕೈ ಯಾಕೆ ಚಾಚಿದ್ದೀರಿ? ಬಾಳೆಹಣ್ಣು ಬೇಕಾ?" ಎಂದಳು.

ಆ ವಾರವೇ ಬ್ಯಾಂಕಿನವರು ಮತ್ತೊಂದು ಕಡುನೀಲಿ ಬಟ್ಟೆ ತಂದುಕೊಟ್ಟರು. ಅವಳು ತೆಗೆದುಕೊಂಡಳು.

ಉಳಿದದ್ದು ಒಂದೇ ವಿಷಯ. ಮೇಸ್ತ್ರಿ ಕೊನೆಯ ಲೆಕ್ಕ ಬರೆದುಕೊಟ್ಟಾಗ ಅದರಲ್ಲಿ ಎಪ್ಪತ್ತೆರಡು ಸಾವಿರ ಮಾತ್ರ ಇತ್ತು, ಮೆಟ್ಟಿಲು ಇರಲಿಲ್ಲ. ಸ್ಟೋರಣ್ಣ ಮೂರು ಸಾವಿರ ಹಿಡಿದು ಎರಡು ಸಲ ಅವನ ಮನೆಗೆ ಹೋದ. "ಲೆಕ್ಕ ಸರಿಯಾಗೇ ಇದೆ ಸ್ಟೋರಣ್ಣ, ನಿಮ್ಮದು ಯಾವಾಗಲೂ ಒಂದು ಜಾಸ್ತಿ" ಎಂದು ಮೇಸ್ತ್ರಿ ಎರಡು ಸಲವೂ ವಾಪಸು ಕಳಿಸಿದ. ಆಮೇಲೆ ಮೇಸ್ತ್ರಿ ಅದೇ ಪ್ಯಾಂಟನ್ನು ಮತ್ತೆ ಅಗಲ ಮಾಡಿಸಲು ಹಿಡಿದು ಬಂದ. ಒಳಗೆ ಬಿಚ್ಚಲು ಮಾರ್ಜಿನ್ ಉಳಿದಿರಲಿಲ್ಲ. ಅವಳು ಅದೇ ಬಣ್ಣದ ಬಟ್ಟೆ ಹುಡುಕಿ ಹಿಂದುಗಡೆ ಪಟ್ಟಿ ಸೇರಿಸಿ ಹೊಲಿದುಕೊಟ್ಟಳು, ದುಡ್ಡು ಮುಟ್ಟಲಿಲ್ಲ. ಯಾಕೆ ಎಂದು ಸ್ಟೋರಣ್ಣ ಕೇಳಿದ್ದಕ್ಕೆ, "ಮರೆತೆ" ಎಂದಳು.

ಮೇಸ್ತ್ರಿಯೂ ಮೆಟ್ಟಿಲಿನ ದುಡ್ಡನ್ನು ಹಾಗೆಯೇ ಮರೆತನೋ, ಬೇಕೆಂದೇ ಬಿಟ್ಟನೋ, ಅವಳಿಗೆ ಅದು ಮೊದಲೇ ಗೊತ್ತಿತ್ತೋ ಇಲ್ಲವೋ, ಸ್ಟೋರಣ್ಣನಿಗೆ ತಿಳಿಯಲಿಲ್ಲ. ಇದನ್ನು ಹೇಳುತ್ತಿರುವವರಿಗೂ ತಿಳಿದಿಲ್ಲ.