ಸೊನ್ನೆ ಸರಿಯಾಗಿಯೇ ಇತ್ತು

ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ದೊಡ್ಡ ಮಗಳು ಅಪ್ಪನ ಕೋಣೆಯ ಬಾಗಿಲನ್ನು ಒಳಗಿನಿಂದ ಮುಂದೆ ಮಾಡಿ, ಮೇಜಿನ ಎರಡನೆಯ ಖಾನೆಯಿಂದ ಬಿಪಿ ನೋಡುವ ಉಪಕರಣವನ್ನು ಅದರ ಸ್ಟೆತಾಸ್ಕೋಪ್ ಸಮೇತ ಹೊರತೆಗೆದಳು. ತೋಳಿಗೆ ಸುತ್ತುವ ಪಟ್ಟಿಯನ್ನು ಬಿಡಿಸಿ, ಅದರಲ್ಲಿ ಉಳಿದಿದ್ದ ಗಾಳಿಯನ್ನು ಅಂಗೈಯಿಂದ ಒತ್ತಿ ಕಳೆದು, ದುಂಡನೆಯ ಗಾಜಿನ ಮುಖವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮುಳ್ಳು ಸೊನ್ನೆಯ ಗೆರೆಯ ಮೇಲೆ ನಿಂತಿತ್ತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಅಂದರೆ ತಮ್ಮ ಸುಳ್ಳು ಹೇಳಿದ್ದಾನೆ.

ಅವಳ ಕೈಚೀಲದಲ್ಲಿ ಆಸ್ಪತ್ರೆಯ ಹಾಳೆಯೊಂದು ನಾಲ್ಕು ಮಡಿಕೆಯಾಗಿ ಕೂತಿತ್ತು. ಸೋಮವಾರ ಅಪ್ಪ ಬಚ್ಚಲಲ್ಲಿ ಕುಸಿದು ದಾಖಲಾದಾಗಿನ ಅಂಕಿ ಅದರಲ್ಲಿತ್ತು: ಇನ್ನೂರ ಹನ್ನೆರಡು, ನೂರ ಹದಿನೆಂಟು. "ಇದು ನಿನ್ನೆ ಮೊನ್ನೆ ಏರಿದ್ದಲ್ಲ. ಹೃದಯದ ಗೋಡೆ ದಪ್ಪಗಾಗಿದೆ. ತಿಂಗಳುಗಟ್ಟಲೆ ಹೀಗೇ ಇದ್ದಿರಬೇಕು," ಎಂದಿದ್ದರು ವೈದ್ಯೆ. ಆದರೆ ಅವಳ ಫೋನಿನಲ್ಲಿ ಬೇರೆಯದೇ ಅಂಕಿಗಳಿದ್ದವು. ಜನವರಿ ಇಪ್ಪತ್ತರಿಂದ ಮೂವತ್ತು ದಿನ, ಪ್ರತಿ ಸಂಜೆ, ಅಪ್ಪನ ಜೊತೆಯಲ್ಲೇ ಇರುವ ತಮ್ಮ ಅಳೆದು ಕಳಿಸಿದ್ದು: ನೂರ ಮೂವತ್ತೆರಡು, ನೂರ ಇಪ್ಪತ್ತೆಂಟು, ನೂರ ಮೂವತ್ತಾರು. ಒಮ್ಮೆಯೂ ನೂರ ನಲವತ್ತು ದಾಟಿರಲಿಲ್ಲ. ಅವುಗಳನ್ನು ನಂಬಿಯೇ ಅವಳು ಅಪ್ಪನನ್ನು ಡಾಕ್ಟರ ಹತ್ತಿರ ಕಳಿಸದೆ ಸುಮ್ಮನಿದ್ದಳು.

ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷದ ಅನುಭವ. ಅಳೆಯದೆ ಬರೆದ ಅಂಕಿಗಳನ್ನು ಕೈಕೆಳಗಿನ ಹುಡುಗರ ದಾಖಲೆ ಪುಸ್ತಕಗಳಲ್ಲಿ ಎಷ್ಟೋ ಸಲ ಹಿಡಿದಿದ್ದಳು. ಅಂಥವು ಯಾವಾಗಲೂ ನೋಡಲು ಚೆನ್ನಾಗಿರುತ್ತವೆ.

ಬಾಗಿಲು ಸರಿಯಿತು. ತಮ್ಮ ನಿಂತಿದ್ದ. ಮೂರು ರಾತ್ರಿ ನಿದ್ದೆಯಿಲ್ಲದ ಮುಖ, ಬಸ್ ಓಡಿಸುವಾಗಿನ ಅದೇ ನೀಲಿ ಅಂಗಿ.

"ಏನಕ್ಕಾ ಹುಡುಕ್ತಿದ್ದೀಯ?"

"ಏನಿಲ್ಲ. ಅಪ್ಪನ ಕನ್ನಡಕ."

"ಕನ್ನಡಕ ಅಪ್ಪನ ಜೇಬಲ್ಲೇ ಇದೆಯಲ್ಲ." ಅವನ ಕಣ್ಣು ಅವಳ ಕೈಯಲ್ಲಿದ್ದ ಗಾಜಿನ ಮುಖದ ಮೇಲೆ ಒಂದು ಗಳಿಗೆ ನಿಂತು, ನೆಲಕ್ಕೆ ಇಳಿಯಿತು. "ಬಾ, ಅತ್ತೆ ಬಂದಿದಾರೆ."

ಕಣ್ಣು ಇಳಿದದ್ದನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಳು. ಸಂಜೆ ಏಳರ ಬಸ್ಸಿಗೆ ಅವಳು ಹೊರಡಬೇಕಿತ್ತು. ಅದರೊಳಗೆ ಅವನ ಬಾಯಿಂದಲೇ ನಿಜ ಹೊರಡಬೇಕು. ಹೊರಡದಿದ್ದರೆ ಈ ತಮ್ಮನ ಜೊತೆಗಿನ ಮಾತು ಇವತ್ತಿಗೆ ಮುಗಿಯಿತು. ಉಪಕರಣವನ್ನು ಆಸ್ಪತ್ರೆಯ ಹಾಳೆಯ ಪಕ್ಕದಲ್ಲಿಟ್ಟು ಚೀಲದ ಜಿಪ್ ಎಳೆದಳು.

*

ಹಜಾರದಲ್ಲಿ, ಆಸ್ಪತ್ರೆಯಿಂದ ತಂದು ಮಲಗಿಸಿದ್ದ ಅಪ್ಪನ ದೇಹದ ತಲೆಯ ಹತ್ತಿರ ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎಂಬತ್ತು ದಾಟಿದ, ಅಪ್ಪನ ಒಬ್ಬಳೇ ಅಕ್ಕ. ಗೋಡೆಗೊರಗಿ ನಿಂತಿದ್ದವರು ಸ್ಪ್ಯಾನರ್ ಮಾಮ. ಒತ್ತಡ ಅಳೆಯುವ ಗೇಜುಗಳನ್ನು ರಿಪೇರಿ ಮಾಡುವ ಅಂಗಡಿಯಲ್ಲಿ ಅಪ್ಪನ ಎದುರು ಮೇಜಿನಲ್ಲಿ ಮೂವತ್ತೊಂದು ವರ್ಷ ಕೂತವರು. ಈ ಹೆಸರನ್ನು ಮಕ್ಕಳೇ ಇಟ್ಟದ್ದು. ಅಪ್ಪನಿಗೆ ಅಂಗಡಿಯವರು ಇಟ್ಟಿದ್ದ ಹೆಸರು ಸೊನ್ನೆ ಮೇಷ್ಟ್ರು. ಹೊಸಬರು ಯಾರೇ ಬರಲಿ, "ಮೊದಲು ಸೊನ್ನೆ ನೋಡು. ಸೊನ್ನೆಯಲ್ಲೇ ಸುಳ್ಳು ಹೇಳೋದನ್ನ ಮುಂದಕ್ಕೆ ನಂಬಬೇಡ," ಎನ್ನುತ್ತಿದ್ದರು. ಮನೆಯಲ್ಲಿ ಅಡುಗೆಮನೆಯ ತಕ್ಕಡಿಗೂ ಅದೇ ಪಾಠ.

"ಗಾಡಿ ಹತ್ತಕ್ಕೆ ಅಂದ್ರು, ಹತ್ತೂ ಇಪ್ಪತ್ತಾಯ್ತು," ಎಂದರು ಅತ್ತೆ. "ಇನ್ನೂ ತಡ ಆದ್ರೆ ಇವನು ಎದ್ದು ಕೂತು ಬೈತಾನೆ ನೋಡ್ತಿರಿ."

"ಬೈಯಲ್ಲ ಅಕ್ಕಾ, ಬರೆದಿಟ್ಕೋತಾನೆ," ಎಂದರು ಸ್ಪ್ಯಾನರ್ ಮಾಮ.

ಯಾರೋ ನಕ್ಕು, ನಕ್ಕಿದ್ದಕ್ಕೆ ನಾಚಿ, ಮೂಗು ಒರೆಸಿಕೊಂಡರು. ದೊಡ್ಡವಳು ತಂಗಿಯನ್ನು ಅಡುಗೆಮನೆಗೆ ಕರೆದಳು. ಮೂವತ್ತೆಂಟಾದರೂ ಮನೆಯಲ್ಲಿ ಅವಳು ಪುಟ್ಟಿಯೇ. ಬೇರೆ ಊರಿನ ಕೊಳವೊಂದರಲ್ಲಿ ಈಜು ಕಲಿಸುತ್ತಾಳೆ.

"ಹೋದ ತಿಂಗಳು ಅಪ್ಪನ ಜೊತೆ ಕೆರೆಗೆ ಹೊರಟಾಗ ಬಿಪಿ ಡಬ್ಬಿ ಯಾಕೆ ಬರಲಿಲ್ಲ? ನೆನಪಿದೆಯಾ?"

"ಮರೆತುಬಿಟ್ಟೆ ಅಂದನಲ್ಲ ಅಣ್ಣ."

"ಚೀಲಕ್ಕೆ ಹಾಕಿದೀನಿ ಅಂತ ಹಿಂದಿನ ದಿನ ಅವನೇ ಫೋನ್ ಮಾಡಿದ್ದ. ಹಾಕಿದ್ದನ್ನ ಹೇಗೆ ಮರೀತಾರೆ? ನಾನು ಅಲ್ಲಿ ನೋಡಿಬಿಟ್ರೆ ಬಣ್ಣ ಬಯಲಾಗುತ್ತೆ ಅಂತ ತೆಗೆದಿಟ್ಟ."

ಪುಟ್ಟಿ ನಲ್ಲಿಯನ್ನು ನಿಲ್ಲಿಸಿದಳು. "ಅಕ್ಕಾ, ಇವತ್ತು ಬೇಡ. ಅಪ್ಪ ಇನ್ನೂ ಮನೇಲಿದಾರೆ."

"ಹತ್ತನೇ ವಯಸ್ಸಲ್ಲೇ ಮೂವತ್ನಾಲ್ಕು ಅಂಕಾನ ಎಂಬತ್ನಾಲ್ಕು ಮಾಡ್ಕೊಂಡು ಬಂದವನು ಅವನು."

"ಅದನ್ನ ಹೇಳ್ಕೊಂಡು ಮೂವತ್ತು ವರ್ಷದಿಂದ ನಗ್ತಿದೀವಿ. ಇವತ್ತು ನಿಂಗೆ ಸಾಕ್ಷಿ ಆಯ್ತಾ?"

ಹೊರಗೆ ಗಾಡಿ ಬಂದ ಸದ್ದಾಯಿತು.

*

ಅಮ್ಮ ತೀರಿಕೊಂಡ ವರ್ಷದಿಂದ ಅವರಲ್ಲೊಂದು ಪದ್ಧತಿ ಬೆಳೆದಿತ್ತು. ವರ್ಷಕ್ಕೊಮ್ಮೆ ನಾಲ್ವರೇ, ಅಪ್ಪ ಮತ್ತು ಮೂವರು ಮಕ್ಕಳು, ಗಂಡ ಹೆಂಡತಿ ಮಕ್ಕಳನ್ನೆಲ್ಲ ಬಿಟ್ಟು ನಾಲ್ಕು ದಿನ ಎಲ್ಲಿಗಾದರೂ ಹೋಗುವುದು. ಒಮ್ಮೆ ಹಳೆಯ ರೈಲು ಸುರಂಗ, ಒಮ್ಮೆ ಉಪ್ಪಿನ ಬಯಲು. ಇನ್ನೊಮ್ಮೆ ದಾರಿ ತಪ್ಪಿ ಕುರಿಕೊಟ್ಟಿಗೆಯಲ್ಲಿ ಮಲಗಿ ಮೂರು ದಿನ ಮೈ ಕೆರೆದುಕೊಂಡದ್ದು. ಮರಳುವಾಗ ಬಸ್ ನಿಲ್ದಾಣದಲ್ಲಿ ಬೀಳ್ಕೊಡುವ ಮಾತಿಲ್ಲ. ಮುಂದಿನ ವರ್ಷದ ಜಾಗ ಗೊತ್ತಾಗದೆ ಯಾರೂ ಬಸ್ಸು ಹತ್ತುವಂತಿಲ್ಲ, ಅಷ್ಟೇ. ಜಗಳದಲ್ಲಿ ಬಸ್ಸು ತಪ್ಪಿದ್ದೂ ಉಂಟು.

ಈ ವರ್ಷದ ಸರದಿ ದೊಡ್ಡ ಕೆರೆಯದು. ದೋಣಿಯನ್ನು ತಾವೇ ಹುಟ್ಟು ಹಾಕಿ ಆಚೆ ದಡಕ್ಕೆ ಒಯ್ಯಬೇಕು. ಜನವರಿಯಲ್ಲಿ ಔಷಧಿ ಅಂಗಡಿಯವನು ಅಪ್ಪನ ಬಿಪಿ ನೂರ ಅರವತ್ತೆಂಟು ಎಂದದ್ದು ದೊಡ್ಡವಳ ಕಿವಿಗೆ ಬಿತ್ತು. ಹೊಸ ಉಪಕರಣ ಕೊಂಡು ತಂದು ಮೇಜಿನ ಮೇಲಿಟ್ಟು ಷರತ್ತು ಹಾಕಿದಳು.

"ಮೂವತ್ತು ದಿನ ನೂರ ನಲವತ್ತರ ಕೆಳಗಿದ್ರೆ ದೋಣಿ. ಒಂದೇ ಒಂದು ದಿನ ದಾಟಿದ್ರೂ ನೀವು ಮನೇಲಿ, ನಾವು ಮೂವರೂ ನಿಮ್ಮ ಜೊತೆ ಮನೇಲಿ."

"ಸರಿ ಡಾಕ್ಟ್ರಮ್ಮ," ಎಂದು ಅಪ್ಪ ಗಾಜಿನ ಮುಖವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದರು. "ಚೆನ್ನಾಗಿದೆ. ಸೊನ್ನೆ ಸರಿಯಾಗಿದೆ."

ಮೂವತ್ತು ದಿನ ಕಳೆದು, ಫೆಬ್ರವರಿ ಕೊನೆಗೆ ದೋಣಿ ಹತ್ತಿದರು. ಕೆರೆಯ ನಡುವೆ ಗಾಳಿ ಎದ್ದಿತು. ಪುಟ್ಟಿ ಹುಟ್ಟು ಕಸಿದುಕೊಳ್ಳಲು ಬಂದರೆ ಅಪ್ಪ ಕೊಡಲಿಲ್ಲ. "ಎಪ್ಪತ್ಮೂರು ನನಗೆ, ದೋಣಿಗೆ ಎಷ್ಟೋ ಗೊತ್ತಿಲ್ಲ. ಸೋರ್ತಿರೋದು ಅದು, ನಾನಲ್ಲ!" ತಮ್ಮ ಊಟದ ಡಬ್ಬಿಯ ಮುಚ್ಚಳದಿಂದ ನೀರು ತೋಡಿ ಹಾಕುತ್ತ, ನಿಲ್ದಾಣಗಳ ಹೆಸರು ಕೂಗುವ ಧಾಟಿಯಲ್ಲಿ, "ಮುಂದಿನ ನಿಲುಗಡೆ ಕೆರೆಯ ತಳ, ಇಳಿಯೋರು ಮುಂದೆ ಬನ್ನಿ," ಎಂದ. ದೊಡ್ಡವಳು ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡಳು. ಅಪ್ಪನ ಕುತ್ತಿಗೆಯ ನರ ಉಬ್ಬಿದ್ದನ್ನು ಆಗ ಅವಳು ನೋಡಿದ್ದಳು. ದಣಿವು ಎಂದುಕೊಂಡಿದ್ದಳು. ಅಂಕಿಗಳು ಚೆನ್ನಾಗಿದ್ದವಲ್ಲ.

ನಿಲ್ದಾಣದಲ್ಲಿ ಎಂದಿನಂತೆ ಜಗಳ ಶುರುವಾದಾಗ ಅಪ್ಪ ಮೊದಲ ಸಲ ಅದರಲ್ಲಿ ಸೇರಲಿಲ್ಲ. "ಈ ಸಲ ನೀವೇ ಮೂವರೂ ನೋಡ್ಕೊಳ್ಳಿ," ಎಂದು ಚೀಲ ಎತ್ತಿಕೊಂಡರು.

*

ವಿದ್ಯುತ್ ಚಿತಾಗಾರದ ಗುಮಾಸ್ತ ಐವತ್ತು ನಿಮಿಷ ಎಂದ. ಬಂದವರು ಒಬ್ಬೊಬ್ಬರಾಗಿ ಕೈ ಹಿಡಿದು, ಒದ್ದೆ ಕಣ್ಣಲ್ಲಿ ತಲೆಯಾಡಿಸಿ ಹೊರಟುಹೋದರು. ಕಲ್ಲಿನ ಬೆಂಚಿನ ಮೇಲೆ ಮನೆಯವರಷ್ಟೇ ಉಳಿದರು, ಜೊತೆಗೆ ಸ್ಪ್ಯಾನರ್ ಮಾಮ.

ದೊಡ್ಡವಳು ಚೀಲದಿಂದ ಹಾಳೆ ತೆಗೆದು ತಮ್ಮನ ತೊಡೆಯ ಮೇಲಿಟ್ಟಳು.

"ಓದು."

ಅವನು ಓದಿದ. "ಗೊತ್ತಿದೆ."

"ನೀನು ಕಳಿಸಿದ್ದು ನೂರ ಮೂವತ್ತು. ದಿನಾ ಸಂಜೆ ಬಸ್ ಇಳಿದು ಬಂದು ನಿಜವಾಗ್ಲೂ ನೋಡ್ತಿದ್ಯಾ, ಇಲ್ಲಾ ಕೂತಲ್ಲೇ ಟೈಪ್ ಮಾಡ್ತಿದ್ಯಾ?"

"ಏನಂದೆ?"

"ಕನ್ನಡದಲ್ಲೇ ಕೇಳಿದೆ."

ಅವನ ಮುಖ ಕೆಂಪಾಯಿತು. "ದಿನಾ ನೋಡಿದೀನಿ. ಓದಿದ್ದನ್ನೇ ಕಳಿಸಿದೀನಿ. ಇದನ್ನ ಕೇಳ್ತೀಯ ಅಂತ ಬೆಳಿಗ್ಗೆ ಆ ಕೋಣೇಲಿ ನಿನ್ನ ನೋಡಿದಾಗ್ಲೇ ಅನ್ನಿಸ್ತು."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು."

"ಏಯ್, ಸಾಕು ಬಾಯ್ಮುಚ್ಚು," ಎಂದರು ಅತ್ತೆ. "ಒಳಗೆ ಅವನು ಉರೀತಿದಾನೆ, ಹೊರಗೆ ನೀವು."

"ಕೆರೆಗೆ ಹೋಗೋ ಆಸೆ ಇವನಿಗೂ ಇತ್ತು ಅತ್ತೆ. ಅದಕ್ಕೇ ಅಂಕಿ ಹೊಸೆದ. ಅದೇ ಅಂಕಿ ನಂಬಿ ನಾನು ಅಪ್ಪನ್ನ ಡಾಕ್ಟರ್ ಹತ್ರ ಕಳಿಸಲಿಲ್ಲ." ಅವಳ ದನಿ ಒಡೆಯಿತು, ಸಿಟ್ಟಿನಿಂದಲೇ ಅದನ್ನು ಮತ್ತೆ ಜೋಡಿಸಿಕೊಂಡಳು. "ಉಪಕರಣ ಕೆಟ್ಟಿತ್ತು ಅಂತ ಹೇಳೋಕೂ ದಾರಿಯಿಲ್ಲ. ಬೆಳಿಗ್ಗೆ ಸೊನ್ನೆ ನೋಡಿದೀನಿ. ಸರಿಯಾಗಿದೆ."

ಸ್ಪ್ಯಾನರ್ ಮಾಮ ತಲೆ ಎತ್ತಿದರು. "ಸೊನ್ನೆ ಮಾತ್ರ ನೋಡಿದ್ಯೇನಮ್ಮ?"

"ಅಪ್ಪ ಕಲಿಸಿದ್ದೇ ಅದಲ್ಲವಾ?"

"ನಿಮಗೆ ಕಲಿಸಿದ್ದು ಅದು," ಎಂದರು ಅವರು ನಿಧಾನವಾಗಿ. "ಆಮೇಲಿಂದು ನಮಗೆ ಮಾತ್ರ ಕಲಿಸಿದ." ಎದ್ದು ನಿಂತು ಜೇಬಿನಲ್ಲಿ ಕೈಯಾಡಿಸಿದರು. "ಇಲ್ಲಿಂದ ನೇರ ಅಂಗಡಿಗೆ ಬನ್ನಿ. ಬೀಗದಕೈ ನನ್ನ ಹತ್ರ ಇದೆ."

ಅವಳ ಅನುಮಾನ ಆ ಕ್ಷಣವೇ ಮಾಮನ ಕಡೆ ತಿರುಗಿತು. "ಅಂದ್ರೆ ನೀವು ಏನಾದ್ರೂ ಮಾಡಿಕೊಟ್ರಾ?"

"ನನ್ನ ಕೈಗೆ ತಂದಿದ್ರೆ ಅದರಲ್ಲೇ ಅವನ ತಲೆಗೆ ಹೊಡೀತಿದ್ದೆ."

*

ಮಧ್ಯಾಹ್ನ ಎರಡೂವರೆಗೆ ಅಂಗಡಿಯ ಅರ್ಧ ಷಟರ್ ಎತ್ತಿ ಒಳಗೆ ಹೋದರು. ಅತ್ತೆಯನ್ನು ಮನೆಗೆ ಬಿಟ್ಟಾಗಿತ್ತು. ಗೋಡೆಯ ತುಂಬ ಗೇಜುಗಳು. ಎಲ್ಲ ಮುಳ್ಳುಗಳೂ ಸೊನ್ನೆಯಲ್ಲಿ. ಅಪ್ಪನ ಮೇಜಿನ ಮೇಲೆ ಬಟ್ಟೆ ಹೊದಿಸಿತ್ತು.

ಮಾಮ ಆ ಉಪಕರಣದ ರಬ್ಬರ್ ಕೊಳವೆಯನ್ನು ಕಿತ್ತು ಪರೀಕ್ಷೆಯ ಪಂಪಿಗೆ ಜೋಡಿಸಿದರು. ಪಂಪಿನ ಇನ್ನೊಂದು ಕವಲಿಗೆ ಅಂಗಡಿಯ ಮಾಸ್ಟರ್ ಗೇಜು. ಉಳಿದ ಗೇಜುಗಳನ್ನೆಲ್ಲ ಅದಕ್ಕೆ ಹೋಲಿಸಿ ಸರಿಮಾಡುವುದು. ಹಿಡಿ ತಿರುಗಿಸಿದರು. ಮಾಸ್ಟರ್ ಮುಳ್ಳು ನೂರಕ್ಕೆ ಬಂದಾಗ ಪಕ್ಕದ್ದು ಅರವತ್ತನಾಲ್ಕರಲ್ಲಿತ್ತು. ಇನ್ನೂರಕ್ಕೆ ಬಂದಾಗ ನೂರ ಇಪ್ಪತ್ತೆಂಟರಲ್ಲಿ.

ಮಾಮ ಗಾಳಿ ಬಿಟ್ಟರು. ಎರಡು ಮುಳ್ಳುಗಳೂ ಹಿಂದಿರುಗಿ ಸೊನ್ನೆಯ ಮೇಲೆ ಕೂತವು.

"ಸೊನ್ನೆ ಅನ್ನೋದು ಬರೀ ಬಾಗಿಲು ಅಮ್ಮ. ಒಳಗೆ ಮನೆ ಹೇಗಿದೆ ಅಂತ ಬಾಗಿಲು ಹೇಳಲ್ಲ." ಅವರು ಹಿಂದಿನ ಮುಚ್ಚಳ ತೆರೆದು ಭೂತಗಾಜು ಕೊಟ್ಟರು. "ಇಲ್ಲೊಂದು ಸಣ್ಣ ಕೈ ಇದೆಯಲ್ಲ, ಇದನ್ನ ಉದ್ದ ಮಾಡಿದ್ರೆ ಮುಳ್ಳು ಸೋಮಾರಿ ಆಗುತ್ತೆ. ಹೊರಡೋದು ಸೊನ್ನೆಯಿಂದಲೇ, ಹೋಗಬೇಕಾದಷ್ಟು ದೂರ ಹೋಗಲ್ಲ. ತಾನಾಗಿ ಕೆಟ್ಟಿದ್ದಲ್ಲ ಇದು. ಸ್ಕ್ರೂ ನೋಡು."

ಸ್ಕ್ರೂವಿನ ತಲೆಯ ಮೇಲೆ ಸಾಸಿವೆಯ ಕಾಲು ಭಾಗದಷ್ಟು ಕೆಂಪು ಅರಗು ಇತ್ತು. ಸರಿಮಾಡಿ ಮುಗಿಸಿದ ಪ್ರತಿಯೊಂದು ಗೇಜಿಗೂ, ಇನ್ನು ಇದು ಅಲುಗಬಾರದು ಎಂದು ಅಪ್ಪ ಇಡುತ್ತಿದ್ದ ಬೊಟ್ಟು. ಬೇರೆಯವರು ಇಟ್ಟರೆ ಹರಡುತ್ತಿತ್ತು. ಇದು ಹರಡಿರಲಿಲ್ಲ.

"ಥೂ ಮುದುಕಪ್ಪಾ," ಎಂದರು ಮಾಮ, ಕಣ್ಣು ಒರೆಸಿಕೊಳ್ಳದೆ. "ತಪ್ಪನ್ನೂ ಇಷ್ಟು ಸರಿಯಾಗಿ ಮಾಡ್ತಾರಾ?"

ದೊಡ್ಡವಳು ಫೋನಿನಲ್ಲಿ ಗುಣಿಸಿ ನೋಡಿದಳು. ಇನ್ನೂರ ಹನ್ನೆರಡು ಇದ್ದರೆ ಈ ಮುಳ್ಳು ನೂರ ಮೂವತ್ತಾರು ತೋರಿಸುತ್ತದೆ. ಮೂವತ್ತು ದಿನದ ಅಂಕಿಗಳಲ್ಲಿ ಐದು ಸಲ ನೂರ ಮೂವತ್ತಾರು ಇತ್ತು. ತಮ್ಮ ಓದಿದ್ದನ್ನೇ ಕಳಿಸಿದ್ದ. ಷರತ್ತು ಹಾಕಿದವಳು ಅವಳು.

"ಎದುರಿಗೇ ಕೂತು ತೋಳು ಚಾಚ್ತಿದ್ರು," ಎಂದ ತಮ್ಮ. ಅವನು ಅಪ್ಪನ ಸ್ಟೂಲಿನ ಮೇಲೆ ಕುಸಿದಂತೆ ಕೂತಿದ್ದ. "ಎಷ್ಟೋ ಅಂತ ಕೇಳೋರು. ಹೇಳಿದ್ರೆ, ಕಳಿಸು ಕಳಿಸು ನಿಮ್ಮಕ್ಕಂಗೆ, ಅಂತ ನಗೋರು. ಚೀಲದಿಂದ ಡಬ್ಬಿ ತೆಗೆದಿಟ್ಟಿದ್ದೂ ಅವರೇ ಇರಬೇಕು. ನಾನೇ ಮರೆತೆ ಅಂದ್ಕೊಂಡಿದ್ದೆ."

"ನನ್ನ ಹತ್ರ ಯಾಕೆ ಬೆಳಿಗ್ಗೆ ಕಣ್ಣು ತಪ್ಪಿಸ್ದೆ?" ದೊಡ್ಡವಳ ದನಿಯಲ್ಲಿ ಹಳೆಯ ಚೂಪು ಪೂರ್ತಿ ಹೋಗಿರಲಿಲ್ಲ.

"ನನಗೇ ನನ್ನ ಮೇಲೆ ಅನುಮಾನ ಇತ್ತಕ್ಕ. ಸದ್ದು ಕೇಳಿಸ್ಕೊಳ್ಳೋದ್ರಲ್ಲಿ ತಪ್ಪಿದ್ನೇನೋ ಅಂತ. ಆಸ್ಪತ್ರೆ ಹಾಳೆ ನೋಡಿದಾಗಿಂದ ಅದೇ. ಅಭ್ಯಾಸ ಆಗ್ಲಿ ಅಂತ ನನಗೆ ನಾನೇ ಕಟ್ಕೊಂಡೂ ನೋಡ್ತಿದ್ದೆ. ಅದೂ ಸರಿಯಾಗೇ ಬರ್ತಿತ್ತು."

"ಎಷ್ಟು ಬರ್ತಿತ್ತು?"

"ಚೆನ್ನಾಗೇ ಇತ್ತು. ನೂರ ಎಂಟು, ನೂರ ಹತ್ತು. ಯಾವಾಗ್ಲೂ."

ಪುಟ್ಟಿ ಅವನ ಭುಜದ ಮೇಲೆ ಕೈಯಿಟ್ಟಿದ್ದಳು. ದೊಡ್ಡವಳು ಈ ಸಲ ಫೋನು ತೆಗೆಯಲಿಲ್ಲ. ಲೆಕ್ಕ ತಲೆಯಲ್ಲೇ ಆಯಿತು.

"ಮಾಮ, ಇದನ್ನ ಸರಿಮಾಡೋಕೆ ಎಷ್ಟು ಹೊತ್ತು?"

"ಹತ್ತು ನಿಮಿಷ. ಯಾಕೆ?"

"ಮಾಡಿ."

ಮಾಮ ಅರಗು ಕೆರೆದು, ಸ್ಕ್ರೂ ಸಡಿಲಿಸಿ, ಆ ಸಣ್ಣ ಕೈಯನ್ನು ಹಿಂದಕ್ಕೆ ಸರಿಸಿದರು. ನೂರಕ್ಕೆ ನೂರು, ಇನ್ನೂರಕ್ಕೆ ಇನ್ನೂರು. ಅವಳು ತಮ್ಮನ ನೀಲಿ ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿದಳು.

"ನನಗೇನಾಗಿದೆ? ಬಿಡಕ್ಕ," ಎಂದ ಅವನು. ಆದರೂ ತೋಳನ್ನು ಮೇಜಿನ ಮೇಲಿಟ್ಟ.

ಪಟ್ಟಿ ಸುತ್ತಿ, ಸ್ಟೆತಾಸ್ಕೋಪ್ ಕಿವಿಗಿಟ್ಟು, ಇನ್ನೂರರ ತನಕ ಏರಿಸಿ, ಗಾಳಿಯನ್ನು ಸಣ್ಣಗೆ ಬಿಟ್ಟಳು. ಮೊದಲ ಬಡಿತ ಕೇಳಿದ ಕಡೆ ನಂಬಿಕೆ ಬರಲಿಲ್ಲ. ಪಟ್ಟಿಯ ಗಾಳಿಯನ್ನೆಲ್ಲ ಕಳೆದು, ಗಡಿಯಾರ ನೋಡುತ್ತ ಎರಡು ನಿಮಿಷ ಕಾದಳು. ಅಷ್ಟೂ ಹೊತ್ತು ಅವನ ಮುಂಗೈಯನ್ನು ಬಿಡಲಿಲ್ಲ.

"ಎಷ್ಟಕ್ಕಾ?"

"ಮಾತಾಡಬೇಡ. ಇನ್ನೊಂದ್ಸಲ."

ಮತ್ತೆ ಏರಿಸಿ, ಮತ್ತೆ ಬಿಟ್ಟಳು. ನೂರ ತೊಂಬತ್ತರಲ್ಲಿ ಸದ್ದಿರಲಿಲ್ಲ. ನೂರ ಎಂಬತ್ತರಲ್ಲೂ ಇರಲಿಲ್ಲ. ಮೊದಲ ಬಡಿತ ನೂರ ಎಪ್ಪತ್ತೆರಡಕ್ಕೆ ಕೇಳಿಸಿತು.