ಸಾವಂತ್ರೆವ್ವನ ಎಡಗಾಲಿನ ಕ್ಯಾಲಿಪರ್

ನಾನು ಒಂದು ಕ್ಯಾಲಿಪರ್. ಪೋಲಿಯೊ ಬಂದು ಬಲ ಕಳೆದುಕೊಂಡ ಕಾಲಿಗೆ ತೊಡಿಸುವ ಸಾಧನ. ನನಗೆ ಎರಡು ಉಕ್ಕಿನ ಸರಳುಗಳಿವೆ, ತೊಡೆಗೂ ಮಂಡಿಗೂ ಚರ್ಮದ ಪಟ್ಟಿಗಳಿವೆ, ಕೆಳಗೆ ಒಂದು ಬೂಟು ಇದೆ. ಮಂಡಿಯ ಬಳಿ ಒಂದು ಕೊಂಡಿ. ಕೊಂಡಿ ಬಿದ್ದರೆ ಕಾಲು ನೆಟ್ಟಗೆ ನಿಲ್ಲುತ್ತದೆ, ಎತ್ತಿದರೆ ಮಡಚಿ ಕೂರಬಹುದು. ನನಗೆ ಗೊತ್ತಿರುವ ವಿದ್ಯೆ ಇಷ್ಟೇ.

ಹುಬ್ಬಳ್ಳಿಯ ಒಂದು ಓಣಿಯಲ್ಲಿ ಪಾಂಡು ಮಿಸ್ತ್ರಿ ನನ್ನನ್ನು ಬಡಿದು, ಬಗ್ಗಿಸಿ, ಹೊಲಿದು ಮಾಡಿದ. ಮೊದಲು ನಾನು ಬಸ್ ನಿಲ್ದಾಣದಲ್ಲಿ ಪೇಪರ್ ಮಾರುತ್ತಿದ್ದ ಯಲ್ಲಪ್ಪನ ಕಾಲಿನಲ್ಲಿದ್ದೆ. ಅವಸರದ ಮನುಷ್ಯ. ಬಸ್ಸು ಹೊರಡುವ ಮೊದಲೇ ಎಲ್ಲ ಕಿಟಕಿಗಳಿಗೂ ಪೇಪರ್ ತೋರಿಸಬೇಕು ಅವನಿಗೆ. ನನ್ನ ಬೂಟಿನ ಅಟ್ಟೆ ಸವೆದದ್ದು ಆ ಓಟದಲ್ಲೇ. ಅವನು ಜ್ವರ ಬಂದು ತೀರಿಕೊಂಡ ಮೇಲೆ ಹೆಂಡತಿ ನನ್ನನ್ನು ಮಿಸ್ತ್ರಿಗೆ ಮರಳಿಸಿದಳು. ಸತ್ತವರ ಕಾಲಿನದು ಎಂದು ಕೆಲವರು ನನ್ನನ್ನು ಮುಟ್ಟಲಿಲ್ಲ. ಕೊನೆಗೆ ಗದಗದಿಂದ ಒಬ್ಬ ಅಪ್ಪ, ಮಗಳು ಬಂದರು.

“ಸತ್ತಾವ್ರು ಇದನ್ನ ವಾಪಸ್ ಕೇಳಾಕ ಬರಂಗಿಲ್ಲ. ನನ್ನ ಅಳತಿಗಿ ಕಡದ ಕೊಡ್ರಿ,” ಎಂದಳು ಮಗಳು. ಅವಳೇ ಸಾವಂತ್ರೆವ್ವ.

ಅಪ್ಪನಿಗೆ ಕಾಯಿಪಲ್ಲೆ ಮಾರುಕಟ್ಟೆಯ ಬದಿಯಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇತ್ತು. ಅಲ್ಲಿ ಕೌಂಟರಿನ ಹಿಂದೆ ನಿಂತು ಅವಳು ಕೆಲಸ ಕಲಿತಳು. ಕೌಂಟರಿನ ಮೇಲಿನ ಅವಳನ್ನು ಗಿರಾಕಿಗಳು ಬಲ್ಲರು, ಕೆಳಗಿನವಳನ್ನು ನಾನು ಬಲ್ಲೆ. ಕಾಲು ನೋಯುವಾಗ ಅವಳು ಕೆಲಸ ಮಾಡುತ್ತಲೇ ಭಾರವನ್ನೆಲ್ಲ ಬಲಗಾಲಿಗೆ ಹಾಕುತ್ತಿದ್ದಳು. ಆಗ ಮುಖದಲ್ಲಿ ಏನಿರುತ್ತಿತ್ತೋ ನಾನು ಕಾಣೆ. ಮಾತಿನಲ್ಲಂತೂ ಏನೂ ಇರುತ್ತಿರಲಿಲ್ಲ.

ಹೆಣ್ಣು ನೋಡಲು ಯಾರಾದರೂ ಬರುವ ದಿನ ಅಪ್ಪ ನನ್ನ ಮಂಡಿಗೆ ಎಣ್ಣೆ ಹಾಕುತ್ತಿದ್ದ, ಕಿರ್ರೆನ್ನಬಾರದು ಎಂದು. ಒಳಕೋಣೆಯ ಬಾಗಿಲಿನಿಂದ ಚಾಪೆಯವರೆಗೆ ಸೊಂಟ ಓಲಾಡದಂತೆ ನಡೆಯುವುದನ್ನು ಅವಳು ರೂಢಿ ಮಾಡಿಕೊಂಡಳು. ಸೀರೆಯ ನೆರಿಗೆ ಬೂಟನ್ನು ಮುಚ್ಚುತ್ತಿತ್ತು. ಮದುವೆ ಕೂಡಿಬರಲಿಲ್ಲ. ನಡಿಗೆ ಮಾತ್ರ ಉಳಿಯಿತು.

ಅಪ್ಪ ಹೋದ ಮೇಲೆ ಅಂಗಡಿ ಅವಳದಾಯಿತು. ದುಡಿಮೆ ಹೊಟ್ಟೆಗೆ ಸಾಲುತ್ತಿತ್ತು, ಅಂಗಡಿಯ ಬಾಡಿಗೆಗೆ ಸರಕಾರದ ಅಂಗವಿಕಲರ ಮಾಸಾಶನ. ಅಣ್ಣಿಗೇರಿಯಲ್ಲಿದ್ದ ತಮ್ಮ ಚನ್ನವೀರ ಬಂದಾಗಲೆಲ್ಲ, “ಅಂಗಡಿ ಬಿಟ್ಟು ಮನೀಗ ಬಾರಕ್ಕ,” ಎನ್ನುತ್ತಿದ್ದ. ಒಳ್ಳೆಯವನು. ಅವನ ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಆದರೆ ಅಲ್ಲಿ ಅವಳು ಚನ್ನವೀರನ ಅಕ್ಕ, ಇಲ್ಲಿ ಮಿಕ್ಸಿ ಸಾವಂತ್ರೆವ್ವ.

ಒಂದು ವರ್ಷ, ಅಂಗವಿಕಲತೆಯ ಹಳೆಯ ಪ್ರಮಾಣಪತ್ರ ಇದ್ದವರೆಲ್ಲ ಮತ್ತೆ ತಪಾಸಣೆಗೆ ಬರಬೇಕೆಂದು ಸುದ್ದಿ ಬಂತು. ದೊಡ್ಡ ಡಾಕ್ಟರು ನೋಡುತ್ತಾರೆ ಎಂದು ಸಾವಂತ್ರೆವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಳು. ಬೂಟಿಗೆ ಪಾಲಿಶ್ ಹಚ್ಚಿದಳು. ನನ್ನ ಮಂಡಿಗೆ ಎಣ್ಣೆ ಬಿಟ್ಟಳು. ಅಂಗಡಿಯ ಮುಂದೆ ನಿಂಬೆಹಣ್ಣು ಮಾರುವ ಮಾಬುಬಿ ನೋಡಿ ನಕ್ಕಳು.

“ಏನವಾ, ಡಾಕ್ಟರ್ ನಿನ್ನ ನೋಡಾಕ ಬರಾಕತ್ತಾನೇನು?”

“ನಾಕ ಮಂದ್ಯಾಗ ಹೋಗೂದೈತಿ. ಭಿಕ್ಷಾ ಬೇಡಾವರಂಗ ಹೋಗ್ಲೇನು?”

ತಪಾಸಣೆಯ ಶಿಬಿರದಲ್ಲಿ ಜನ ಜಾತ್ರೆಯಂತೆ ನೆರೆದಿದ್ದರು. ಅವಳ ಸರದಿ ಬಂದಾಗ ಡಾಕ್ಟರು, “ನಡೆದು ಬನ್ನಿ,” ಎಂದರು. ಅವಳು ಬಾಗಿಲಿನಿಂದ ಮೇಜಿನವರೆಗೆ ನಡೆದಳು. ಎಷ್ಟು ಚೆಂದ ನಡೆದಳೆಂದರೆ, ನಾನು ಒಂದು ಸದ್ದೂ ಮಾಡಲಿಲ್ಲ. “ಚೆನ್ನಾಗೇ ನಡೀತೀರಲ್ಲಮ್ಮ,” ಎಂದು ಅವರು ಬರೆದುಕೊಂಡರು. ಅವಳು ಹೊಗಳಿಕೆಯೆಂದೇ ತಿಳಿದು ನಮಸ್ಕಾರ ಮಾಡಿ ಬಂದಳು.

ಮುಂದಿನ ತಿಂಗಳು ಮಾಸಾಶನ ಬರಲಿಲ್ಲ. ವಿಚಾರಿಸಿದರೆ, ಅವಳ ಅಂಗವಿಕಲತೆ ನೂರಕ್ಕೆ ನಲವತ್ತಕ್ಕಿಂತ ಕಡಿಮೆ, ಆದ್ದರಿಂದ ನಿಂತಿದೆ ಎಂದರು. ಸುದ್ದಿ ಕೇಳಿ ಚನ್ನವೀರ ಓಡಿ ಬಂದ. “ಇನ್ನರ ಬಾರಕ್ಕ. ಬಾಡಿಗಿ ಎಲ್ಲಿಂದ ಕಟ್ಟತೀ?”

ಅಂದು ಅಂಗಡಿ ಮುಚ್ಚಿದ ಮೇಲೆ ಅವಳು ನನ್ನನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಳು. ಮಾಬುಬಿ ಬುಟ್ಟಿ ಎತ್ತಿಕೊಳ್ಳುತ್ತ, “ಮದಲಗಿತ್ತಿ ಹಂಗ ಹೋದ್ರ ಹಿಂಗ ಆಗೂದು,” ಎಂದಳು.

“ಹೌದಬೇ. ನಾ ಹುಡುಗನ ಕಡ್ಯಾವರಿಗೆ ತೋರಿಸೂ ನಡಿಗಿನ ಡಾಕ್ಟರಗೂ ತೋರಿಸೀನಿ,” ಎಂದಳು ಸಾವಂತ್ರೆವ್ವ. “ಆದ್ರ ಆತನೂ ಸೀರಿ ಕೆಳಗ ಏನೈತಿ ಅಂತ ಕೇಳಲಿಲ್ಲ. ನಾಳೆ ಅಂಗಡಿ ನೀ ನೋಡಕೊ.”

“ಮಿಕ್ಸಿ ಬಂದ್ರ ಇಸ್ಕೊಂಡ ಇಡತೀನಿ. ನಾ ಮುಟ್ಟಿದ್ರ ಅವು ಸುಟ್ಟ ಹೋಗತಾವ ನೋಡು.”

ಮರುದಿನ ಮಾಸಾಶನದ ಕಚೇರಿಯ ಗುಮಾಸ್ತ ಕತ್ತೆತ್ತಿಯೂ ನೋಡಲಿಲ್ಲ. “ಡಾಕ್ಟರ್ ನೋಡಿ ಬರದಾರ. ತಿದ್ದಾಕ ನಾ ಯಾರು?”

“ಡಾಕ್ಟರ್ ನೋಡಿದ್ದು ಕಾಲಲ್ರೀ, ಕಬ್ಬಿಣ.”

“ಅದನ್ನೆಲ್ಲ ನನ್ನ ಮುಂದ ಹೇಳಬ್ಯಾಡ್ರಿ.”

“ನಿಮಗ ತಿದ್ದಾಕ ಬರಂಗಿಲ್ಲ, ಒಪ್ಪೀನಿ. ಯಾರಿಗೆ ಬರತೈತಿ ಅವರ ಹೆಸರ ಹೇಳ್ರಿ, ಎದ್ದ ಹೋಗತೀನಿ.”

ಅವನು ಇನ್ನೊಂದು ಫೈಲು ಬಿಡಿಸಿದ. ಅವಳು ಎದುರಿನ ಬೆಂಚಿನ ಮೇಲೆ ಕೂತಳು. ಕೊಂಡಿ ಎತ್ತಲಿಲ್ಲ. ನಾನು ರೈಲ್ವೆ ಗೇಟಿನ ಹಾಗೆ ನೆಟ್ಟಗೆ ಹಾದಿಗೆ ಅಡ್ಡಲಾಗಿ ಚಾಚಿಕೊಂಡಿದ್ದೆ. ಚಹಾ ತರುವವನು ನನ್ನನ್ನು ದಾಟಿದ. ಸಾಹೇಬರು ಪ್ಯಾಂಟು ಎತ್ತಿಕೊಂಡು ದಾಟಿದರು. “ಕಾಲ ಮಡಚಮ್ಮ,” ಎಂದರೆ, “ಮಡಚೂದಾಗಿದ್ರ ಇಲ್ಲಿಗ್ಯಾಕ ಬರತಿದ್ನಿ ಸಾಹೇಬ್ರ?” ಎಂದಳು. ಮರುದಿನವೂ ಹಾಗೇ ಕೂತಳು. ಕೊನೆಗೆ ಗುಮಾಸ್ತನೇ ಎದ್ದು ಬಂದು, ತೀರ್ಮಾನ ಒಪ್ಪದಿದ್ದರೆ ಮೇಲಿನ ವೈದ್ಯರ ಮಂಡಳಿಗೆ ಮೇಲ್ಮನವಿ ಕೊಡಬಹುದು ಎಂದು ಹೇಳಿದ. ಅಲ್ಲೇ ಬರೆಸಿ, ಕೊಟ್ಟದ್ದಕ್ಕೆ ಸಹಿ ಪಡೆದ ಮೇಲೆಯೇ ಅವಳು ಎದ್ದಳು.

ಮಂಡಳಿಯ ಮುಂದೆ ಹಾಜರಾಗುವ ದಿನ ಅವಳು ದಿನದ ಸೀರೆಯಲ್ಲೇ ಹೊರಟಳು. ನನಗೆ ಎಣ್ಣೆ ಹಾಕಲಿಲ್ಲ. ಚನ್ನವೀರನೂ ಜೊತೆಗೆ ಬಂದಿದ್ದ, ಇದಾದ ಮೇಲಾದರೂ ಕರೆದೊಯ್ಯಬಹುದೆಂದು. ಹೆಸರು ಕೂಗಿದಾಗ ಅವಳು ಏಳಲಿಲ್ಲ. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಎಲ್ಲರ ಎದುರು ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ಒಂದೊಂದೇ ಪಟ್ಟಿ ಬಿಚ್ಚಿ, ನನ್ನನ್ನು ತಮ್ಮನ ಕೈಗೆ ಕೊಟ್ಟಳು.

“ಅಕ್ಕಾ, ಮಂದಿ ನೋಡಾಕತ್ತಾರ.”

“ನೋಡ್ಲಿ. ಅದಕ ಬಂದೀನಿ.”

ಎಡಗೈಯನ್ನು ಎಡತೊಡೆಯ ಮೇಲೆ ಒತ್ತಿ ಹಿಡಿದು ಅವಳು ಎದ್ದಳು. ಕೈ ಒತ್ತಿದಾಗಷ್ಟೇ ಆ ಕಾಲು ನಿಲ್ಲುತ್ತಿತ್ತು. ಒಂದು ಹೆಜ್ಜೆಗೆ ಇಡೀ ಮೈ ನೆಲದ ಕಡೆ ಬಾಗಿ ಮತ್ತೆ ಏಳುತ್ತಿತ್ತು. ಇಷ್ಟು ವರ್ಷ ಜೊತೆಗೇ ಇದ್ದರೂ ಅವಳು ನಡೆಯುವುದನ್ನು ನಾನು ಹೊರಗಿನಿಂದ ನೋಡಿರಲಿಲ್ಲ. ಚಿಕ್ಕಂದಿನ ನಂತರ ಚನ್ನವೀರನೂ ನೋಡಿರಲಿಲ್ಲವೆಂದು ಕಾಣುತ್ತದೆ. ನನ್ನನ್ನು ಹಿಡಿದಿದ್ದ ಅವನ ಕೈ ಬಿಗಿಯಾಯಿತು. ಬಾಗಿಲಲ್ಲಿ ಅವಳು ಮುಗ್ಗರಿಸಿದಾಗ ಅವನು ಮುಂದಾದ. “ಅಲ್ಲೇ ನಿಂದ್ರು,” ಎಂದಳು.

ಒಳಗೆ ಮೂವರು ಡಾಕ್ಟರಿದ್ದರು. ಅವರಲ್ಲಿ ಹಿರಿಯರು ಬಾಗಿಲಾಚೆ ತಮ್ಮನ ಕೈಯಲ್ಲಿದ್ದ ನನ್ನತ್ತ ಕೈ ತೋರಿಸಿ, “ಅದನ್ನ ಹಾಕ್ಕೊಂಡ್ರೆ ಆರಾಮಾಗಿ ನಡೀತೀರಂತಲ್ಲ?” ಎಂದರು.

ಅವಳಿಗೆ ಏದುಸಿರು ಬರುತ್ತಿತ್ತು. ಮೇಜು ಹಿಡಿದು ನಿಂತು ಹೇಳಿದಳು: “ಚಾಳೀಸ ಹಾಕ್ಕೊಂಡ್ರ ನೀವೂ ಆರಾಮ ಓದತೀರಿ ಸರ. ಹಂಗಂತ ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಅಂತ ಬರಕೊಳ್ಳಲೇನು?”

ಪಕ್ಕದಲ್ಲಿದ್ದ ಡಾಕ್ಟರಮ್ಮ ನಗು ತಡೆಯಲು ತಲೆ ತಗ್ಗಿಸಿದರು. ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸಿಟ್ಟಾಗಲಿಲ್ಲ. “ಮೊದಲ ಸಲವೇ ಬಿಚ್ಚಿಸಿ ನೋಡಬೇಕಿತ್ತು,” ಎಂದು ಅವಳನ್ನು ಮಂಚದ ಮೇಲೆ ಮಲಗಿಸಿ, ಎರಡೂ ಕಾಲು ಅಳೆದು, ಒತ್ತಿ, ಎತ್ತಿಸಿ ನೋಡಿದರು. ಎತ್ತು ಎಂದಾಗ ಬಲಗಾಲು ಎದ್ದಿತು. ಎಡಗಾಲು ಹಾಗೇ ಇತ್ತು.

ಹೊರಗೆ ಬಂದಾಗ ಚನ್ನವೀರ ನೆಲದ ಮೇಲೆ ಕೂತು ತಾನೇ ಅವಳಿಗೆ ನನ್ನನ್ನು ತೊಡಿಸಿದ. ಪಟ್ಟಿಯೊಂದನ್ನು ಉಲ್ಟಾ ಕಟ್ಟಿದ. ಅಣ್ಣಿಗೇರಿಯ ಮಾತು ಎತ್ತಲಿಲ್ಲ. ತೀರ್ಮಾನ ತಿದ್ದುಪಡಿಯಾಗುವವರೆಗೆ ಬಾಡಿಗೆಯನ್ನು ಅವನೇ ಕಟ್ಟಿದ. ತಿದ್ದುಪಡಿಯಾಗಿ ಮಾಸಾಶನ ಮತ್ತೆ ಬಂದ ದಿನ ಮಾಬುಬಿ ಒಂದು ನಿಂಬೆಹಣ್ಣು ತಂದು ಅವಳ ಕೈಗಿಟ್ಟು, “ತಗೋ, ದೃಷ್ಟಿ ತಗದ ಒಗಿ. ಆವತ್ತಿನ ಚಂದಕ್ಕ ತಗಲಿದ್ದದು,” ಎಂದಳು.

ಈಗ ನನ್ನ ಒಂದು ಪಟ್ಟಿ ಸೀಳಿದೆ. ಸಾವಂತ್ರೆವ್ವನಿಗೆ ಹಗುರಾದ ಹೊಸ ಕ್ಯಾಲಿಪರ್ ಬಂದಿದೆ. ನಾನು ಅಂಗಡಿಯ ಗೋಡೆಯ ಮೊಳೆಯಲ್ಲಿ ಮಿಕ್ಸಿಯ ಹಳೆಯ ಜಾರುಗಳ ಪಕ್ಕ ತೂಗುತ್ತೇನೆ. ನನಗೆ ಬೇಸರವಿಲ್ಲ. ನಿಲ್ಲಿಸುವುದು ನನ್ನ ಕೆಲಸವಾಗಿತ್ತು, ಮಾಡಿದೆ. ಆ ಪಡಸಾಲೆಯನ್ನು ಅವಳು ದಾಟಿದ್ದರಲ್ಲಿ ಮಾತ್ರ ನನ್ನ ಪಾಲು ಏನೂ ಇರಲಿಲ್ಲ.

ಮೊನ್ನೆ ಒಬ್ಬ ಯುವಕ ಬಂದಿದ್ದ, ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು. ಮರುದಿನ ಅವನಿಗೆ ಅಂಗವಿಕಲತೆಯ ತಪಾಸಣೆ. ಯಾರೋ ಇವಳನ್ನು ಕೇಳಿಕೊಂಡು ಹೋಗು ಎಂದಿದ್ದರಂತೆ. ಸಾವಂತ್ರೆವ್ವ ಅವನಿಗೆ ಬೀದಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ನಡೆಯಲು ಹೇಳಿದಳು. ಅವನು ಬೆವರುತ್ತಾ ನೆಟ್ಟಗೆ ನಡೆದು ತೋರಿಸಿದ.

“ಭಾಳ ಚಂದ ನಡೀತೀಯಪಾ,” ಎಂದಳು. “ನಾಳೆ ಹಿಂಗ ನಡದ್ರ ಖಾಲಿ ಕೈಲೆ ಮನೀಗ ಬರತೀ.”

ಅವನ ಮುಖ ಕೆಂಪಾಯಿತು. “ಹಂಗಲ್ಲಕ್ಕಾರ... ಎಲ್ಲಾರ ಮುಂದ ಹೆಂಗ...”

 ಸಾವಂತ್ರೆವ್ವ ತನ್ನ ಸ್ಟೂಲನ್ನು ಅವನ ಕಡೆ ತಳ್ಳಿ, ಬೀದಿಗೆ ಎದುರಾಗಿ ಇಟ್ಟಳು. ಸಂತೆಯ ಜನ ಹೋಗಿ ಬಂದು ಮಾಡುತ್ತಿದ್ದರು. ಅವನು ಸ್ವಲ್ಪ ಹೊತ್ತು ಅವರನ್ನೇ ನೋಡಿದ. ಆಮೇಲೆ ಕೂತು, ಪ್ಯಾಂಟು ಮಂಡಿಯವರೆಗೆ ಮಡಚಿ, ತನ್ನ ಕ್ಯಾಲಿಪರಿನ ಮೊದಲ ಪಟ್ಟಿಗೆ ಕೈ ಹಾಕಿದ.