ಬಿಚ್ಚಿಕೊಳ್ಳದ ಕುರ್ಚಿ

ಕುರ್ಚಿ ಕಾರ್ಖಾನೆಯ ಯಜಮಾನನಿಗೆ ಬೀದಿಯವರು ಇಟ್ಟ ಹೆಸರು ಅಂಟಣ್ಣ. ಅವನ ಕುರ್ಚಿಯಲ್ಲಿ ಮರಕ್ಕಿಂತ ಅಂಟೇ ಜಾಸ್ತಿ ಎಂದು ಆಗದವರು ಆಡಿಕೊಳ್ಳುತ್ತಿದ್ದರು. ಅವನ ಪಾಲಿಗೆ ಅದು ಬೈಗುಳವಲ್ಲ, ಬಿರುದು. "ನನ್ನ ಕುರ್ಚಿ ಮುರಿಬೋದು ಕಣ್ರೀ, ಬಿಚ್ಕೊಳಲ್ಲ!" ಎಂದು ಎದೆ ತಟ್ಟಿಕೊಳ್ಳುತ್ತಿದ್ದ.

ಅಂಥವನಿಗೆ ಬಿಚ್ಚುವ ಕುರ್ಚಿ ಮಾಡು ಎಂದು ಹೇಳಲು ಬಂದವಳು ಸ್ವಂತ ನಾದಿನಿ. ಮಾಡಿ ಮಾರಿ ಮರೆತುಬಿಡುವ ಸಣ್ಣ ಕಾರ್ಖಾನೆಗಳಿಗೆ, ಮಾರಿದ್ದನ್ನು ವಾಪಸ್ ತಂದು ರಿಪೇರಿ ಮಾಡಿ ಮತ್ತೆ ಕಳಿಸುವ ದಾರಿ ಕಲಿಸುವುದೇ ಅವಳ ಕೆಲಸ. ಅಕ್ಕನ ಗಂಡ ಅಂತ ಬಂದಿದ್ದಳೇ ಹೊರತು ಪ್ರೀತಿಯಿಂದೇನಲ್ಲ.

"'ಭಾವಾ, ವಸ್ತು ಸುತ್ತಬೇಕು ಭಾವಾ!'" ಅಂಟಣ್ಣ ಅವಳದೇ ದನಿ ತೆಗೆದು, ತನಗಿಲ್ಲದ ಕನ್ನಡಕವನ್ನು ಅವಳಂತೆಯೇ ಮೂಗಿನ ಮೇಲೇರಿಸಿದ. ಕೆಲಸದವರು ಕಿಸಕ್ಕೆಂದರು. "ಸುತ್ತಿ ಸುತ್ತಿ ತಲೆಸುತ್ತಿ ಬೀಳೋನು ಮಾತ್ರ ನಾನು!"

"ಮಿಮಿಕ್ರಿ ಮುಗೀತಾ ಭಾವ?" ನಾದಿನಿ ಹಲ್ಲು ಕಚ್ಚಿ ಕೇಳಿದಳು. "ಹೋಟೆಲ್‌ನೋರು ಕೊಳ್ಳೋದು ಕುರ್ಚಿ, ನಿಮ್ಮ ಗಂಟಲಲ್ಲ. ಮುರಿದ ಕಾಲು ಒಂದನ್ನೇ ಬದಲಾಯಿಸೋಕೆ ಬರಬೇಕು, ಇಲ್ದಿದ್ರೆ ನಿಮ್ಮ ಹತ್ರ ತಗೊಳಲ್ಲ ಅಂದಿದಾರೆ. ಆಮೇಲೆ ಈ ಷೆಡ್ಡಲ್ಲಿ ಪಾರಿವಾಳ ಸಾಕ್ಕೊಳಿ."

ಅಂಟಣ್ಣ ಮೂಗಿನ ಮೇಲಿದ್ದ ಬೆರಳು ಇಳಿಸಿದ. ಅವನ ಕುರ್ಚಿಗಳನ್ನೆಲ್ಲ ಕೊಳ್ಳುತ್ತಿದ್ದ ಆ ಒಂದು ಹೋಟೆಲ್ ಕೈಬಿಟ್ಟರೆ ಕಾರ್ಖಾನೆಯ ಬಾಗಿಲು ಹಾಕಿದಂತೆಯೇ. ಮೂಲೆಯಲ್ಲಿ ಮೆತ್ತೆಯ ಕವರು ಹೊಲಿಯುತ್ತಿದ್ದ ಹೆಂಡತಿ ಗಂಡನ ಪರವೂ ವಹಿಸಲಿಲ್ಲ, ತಂಗಿಯ ಪರವೂ ವಹಿಸಲಿಲ್ಲ. ಮಿಷನ್ನಿನ ಪೆಡಲನ್ನು ಮಾತ್ರ ಯಾರದೋ ಕಾಲು ತುಳಿದಂತೆ ತುಳಿಯುತ್ತಿದ್ದಳು.

ಕೊನೆಗೂ ಮಾದರಿ ಕುರ್ಚಿ ತಯಾರಾಯಿತು. ಬರೀ ಬೋಲ್ಟು, ನಟ್ಟು. ಒಂದು ಹನಿ ಅಂಟಿಲ್ಲ. ಮರುದಿನ ಹೋಟೆಲಿನ ಖರೀದಿ ಮೇಡಂ ಬಂದು ನೋಡುವುದೆಂದಾಯಿತು.

ಸಂಜೆ ಎಲ್ಲರೂ ಹೋದ ಮೇಲೆ ಅಂಟಣ್ಣ ಕುರ್ಚಿಯನ್ನು ಹಿಡಿದು ಅಲ್ಲಾಡಿಸಿದ. ಅದು ಅಲುಗಲಿಲ್ಲ, ಅವನ ಜೀವ ಅಲುಗಿತು. ನಾಳೆ ಮೇಡಂ ಕೂತಾಗ 'ಕಿರ್' ಎಂದುಬಿಟ್ಟರೆ? ತನ್ನ ಕಾರ್ಖಾನೆಯ ಕುರ್ಚಿ 'ಕಿರ್' ಎನ್ನುವುದೇ? ಕೈ ತಾನಾಗಿ ಅಂಟಿನ ಡಬ್ಬಿಗೆ ಹೋಯಿತು. "ಒಂದೇ ತೊಟ್ಟು," ಎಂದು ತನಗೆ ತಾನೇ ಹೇಳಿಕೊಂಡು ಬೋಲ್ಟು ಸಡಿಲಿಸಿ ಒಂದು ಕೀಲಿಗೆ ಸವರಿದ. ಉಳಿದ ಕೀಲುಗಳು ಏನು ಪಾಪ ಮಾಡಿದ್ದವು? ಅವಕ್ಕೂ ಸವರಿದ. ಬೋಲ್ಟು ಬಿಗಿದು, ಹೊರಗೆ ಉಕ್ಕಿದ್ದನ್ನು ಒರೆಸಿ, ಮನೆಗೆ ಹೋಗಿ ನೆಮ್ಮದಿಯಾಗಿ ಗೊರಕೆ ಹೊಡೆದ.

"ಒಂದು ಸ್ಪ್ಯಾನರ್ ಇದ್ರೆ ಸಾಕು ಮೇಡಂ, ಯಾರು ಬೇಕಾದ್ರೂ ಬಿಚ್ಚಬೋದು," ಎಂದು ಬೆಳಿಗ್ಗೆ ನಾದಿನಿ ಜಂಬದಿಂದ ಬೋಲ್ಟು ಕಳಚಿದಳು. ಬೋಲ್ಟು ಬಂತು, ಕಾಲು ಬರಲಿಲ್ಲ. ಎಳೆದಳು. ಮೇಡಂ ಬೆನ್ನೊರಗು ಹಿಡಿದುಕೊಂಡರು, ಇವಳು ಮಂಡಿಯೂರಿ ಜಗ್ಗಿದಳು. ಕಾಲು ನಡುವೆ ಸೀಳಿ ಅರ್ಧ ಇವಳ ಕೈಗೆ ಬಂತು, ಅರ್ಧ ಕುರ್ಚಿಯಲ್ಲೇ ಉಳಿಯಿತು.

ನಾದಿನಿ ಸೀಳಿದ ತುದಿಯನ್ನು ಮೂಸಿದಳು. "ಭಾವ, ಅಂಟು ಹಾಕಿದ್ರಾ?"

"ಒಂದೇ ತೊಟ್ಟು..."

"ನನ್ನ ಮೇಲಿನ ಹೊಟ್ಟೆಕಿಚ್ಚಿಗೆ ನಿಮ್ಮ ಅನ್ನಕ್ಕೇ ಅಂಟು ಹಾಕ್ಕೊಂಡ್ರಲ್ರೀ!"

"ಹೊಟ್ಟೆಕಿಚ್ಚಲ್ಲ ಕಣೇ, ಭದ್ರವಾಗಿರ್ಲಿ ಅಂತ..."

ಮೇಡಂ ಕೈಚೀಲ ಹೆಗಲಿಗೇರಿಸಿದರು. "ಭದ್ರವಾಗಿಯೇ ಇಟ್ಕೊಳಿ. ನಾವು ಬೇರೆ ಕಡೆ ನೋಡ್ಕೋತೀವಿ."

ಮಿಷನ್ ನಿಂತಿತು. ಹೆಂಡತಿ ಎದ್ದು ಬಂದಳು. "ಹೊಸದು ಬೇರೆ ಕಡೆನೇ ತಗೊಳಿ ಮೇಡಂ. ನಿಮ್ಮ ಗೋಡೌನಲ್ಲಿ ಮುರಿದು ಬಿದ್ದಿರೋ ಹಳೆವು ನಮ್ಮವೇ ಅಲ್ವಾ? ಅವನ್ನ ನಮಗೆ ಕಳಿಸಿ. ಸರಿ ಮಾಡ್ಕೊಡ್ತೀವಿ."

"ನಿಮ್ಮ ಯಜಮಾನರ ಕುರ್ಚೀನಾ? ಅದನ್ನ ಬಿಚ್ಚೋರು ಯಾರು?"

"ಅಂಟಿಸಿದ ಕೈ ಇಲ್ಲೇ ಇದೆಯಲ್ಲ," ಎಂದಳು ಹೆಂಡತಿ, ಗಂಡನ ಮುಖ ನೋಡದೆ.

ಮೇಡಂ ಬಾಗಿಲ ಕಡೆ ತಿರುಗಿದರು. "ಒಂದು ಕಳಿಸ್ತೀನಿ. ಮುರೀದೆ ಬಿಚ್ಚಿದ್ರೆ ಮಾತಾಡೋಣ. ಮುರಿದ್ರೆ ಮತ್ತೆ ಫೋನ್ ಮಾಡ್ಬೇಡಿ."

ಮಧ್ಯಾಹ್ನವೇ ಕುರ್ಚಿ ಬಂತು. ಒಂದು ಕಾಲು ಮುರಿದಿತ್ತು, ಮಿಕ್ಕಿದ್ದೆಲ್ಲ ಕಲ್ಲಿನಂತಿತ್ತು. ಅಂಟಣ್ಣ ಕುದಿಯುವ ನೀರಿಗೆ ಬಟ್ಟೆ ಅದ್ದಿ ಕೀಲಿಗೆ ಸುತ್ತಿದ, ಬೆರಳು ಸುಟ್ಟುಕೊಂಡ, ಕತ್ತಿಯ ತುದಿ ತೂರಿಸಿದ. ಅಂಟು ತೆಗೆದಷ್ಟೂ ಇತ್ತು. ಬೆವರಿ ತೊಪ್ಪೆಯಾಗಿ, "ಯಾವ ಮುಠ್ಠಾಳ ಇಷ್ಟೊಂದು ಮೆತ್ತಿದಾನೋ!" ಎಂದು ಬೈದ ಮೇಲಷ್ಟೇ ಆ ಮುಠ್ಠಾಳ ಯಾರೆಂದು ಹೊಳೆಯಿತು.

ನಾದಿನಿ ಎದೆ ಉಬ್ಬಿಸಿ, ಗಂಟಲು ದಪ್ಪ ಮಾಡಿ, ಎದೆ ತಟ್ಟಿಕೊಂಡಳು: "ನನ್ನ ಕುರ್ಚಿ ಮುರಿಬೋದು ಕಣ್ರೀ, ಬಿಚ್ಕೊಳಲ್ಲ!"

ಥೇಟ್ ಅವನದೇ ದನಿ. ಕೆಲಸದವರು ಈ ಸಲ ಕಿಸಕ್ಕೆನ್ನಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿಯೂ ನಕ್ಕಳು.

ಅಂಟಣ್ಣ ನಾದಿನಿಯನ್ನು ಸುಟ್ಟುಬಿಡುವಂತೆ ನೋಡಿದ. ಆ ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡವನು ಜಗ್ಗಬೇಕೆನ್ನುವಷ್ಟರಲ್ಲಿ ತಡೆದುಕೊಂಡ. ಜಗ್ಗಿದರೆ ಸೀಳುತ್ತದೆ. ಮತ್ತೊಮ್ಮೆ ಬಿಸಿಬಟ್ಟೆ ಸುತ್ತಿ, ಕಾದು, ಮೆಲ್ಲಗೆ ತಿರುಗಿಸಿದ.

'ಕಿರ್' ಎಂದಿತು ಕುರ್ಚಿ.

ಜೀವಮಾನವಿಡೀ ಕೇಳಬಾರದೆಂದು ಹೆದರಿದ್ದ ಸದ್ದು. ಮುರಿದಿದ್ದ ಕಾಲಿನ ಬುಡ ಇಡಿಯಾಗಿ, ಹೊಸದೊಂದು ಸೀಳೂ ಇಲ್ಲದೆ ಅವನ ಕೈಗೆ ಬಂತು. ಅದನ್ನು ನಾದಿನಿಯ ಕಾಲ ಬುಡಕ್ಕೆ ಎಸೆದು, ತಲೆ ಎತ್ತದೆ ಮುಂದಿನ ಕೀಲಿಗೆ ಬಟ್ಟೆ ಅದ್ದಿದ.

"ನೀರು ಆರಿದೆ," ಎಂದು ಗುರ್ ಎಂದ. "ನಗೋದು ಮುಗಿದಿದ್ರೆ ಯಾರಾದ್ರೂ ಕಾಯಿಸಿ."